ಅಮ್ಮನ ಪಕ್ಕದ ಜಾಗ

ನನ್ನ ಗಂಡ ಸತ್ತಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಬೆಳಿಗ್ಗೆ ಆಸ್ಪತ್ರೆಯಿಂದ ಅವನನ್ನು ಮನೆಗೆ ತಂದಾಗಲೂ ನನ್ನ ಹಲ್ಲು ಕಚ್ಚಿದ್ದು ಕಚ್ಚಿದ ಹಾಗೇ ಇತ್ತು. ಮಲಗಿಸಲು ಮನೆಯಲ್ಲಿ ಜಾಗವಾದರೂ ಎಲ್ಲಿತ್ತು? ಮುಂದೆ ಗಾಜಿನ ಅಂಗಡಿ, ಹಿಂದೆ ಒಂದು ಕೋಣೆ, ಅದರ ಹಿಂದೆ ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಬರಬೇಕಾದಂಥ ಅಡುಗೆಮನೆ. ಅಷ್ಟುದ್ದದ ಮನುಷ್ಯ ಕಾಲು ಚಾಚುವಂಥದ್ದು ಎಂದರೆ ಗಾಜು ಕತ್ತರಿಸುವ ಮೇಜೊಂದೇ. ಅದರ ಮೇಲೆ ಹಾಸಿದ ದಪ್ಪ ಉಣ್ಣೆಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಗಾಜಿನ ಚೂರುಗಳನ್ನು ನಾನೂ ಮಗಳೂ ಬ್ರಶ್ಶಿನಿಂದ ಉಜ್ಜಿ ಉಜ್ಜಿ ತೆಗೆದೆವು. ಚುಚ್ಚಿದ್ದರೆ ಅವನಿಗೇನು ಗೊತ್ತಾಗುತ್ತಿತ್ತು! ಆದರೂ ತೆಗೆದೆವು.

ಸಿಟ್ಟು ಅವನು ಸತ್ತದ್ದಕ್ಕಲ್ಲ. ಹೃದಯ ಕೆಟ್ಟಿತ್ತು, ಡಾಕ್ಟರು ಕೈ ಚೆಲ್ಲಿದ್ದರು, ಅದೆಲ್ಲ ಗೊತ್ತಿದ್ದದ್ದೇ. ಸಿಟ್ಟು ಬಂದದ್ದು ಹೋಗುವ ಮುಂಚೆ ಅವನು ನನ್ನಿಂದ ಕಿತ್ತುಕೊಂಡ ಮಾತಿಗೆ. ಮೂಗಿನ ನಳಿಗೆಯನ್ನು ಪಕ್ಕಕ್ಕೆ ಸರಿಸಿ, ನನ್ನ ಕೈ ಹಿಡಿದು, "ನನ್ನನ್ನ ನಮ್ಮಮ್ಮನ ಪಕ್ಕ ಹಾಕ್ಬಿಡು ಕಣೇ. ಬೇರೆಲ್ಲೂ ಬೇಡ" ಅಂದ. "ಸುಮ್ನೆ ಮಲ್ಕೋ, ಈಗ ಆ ಮಾತೆಲ್ಲ ಯಾಕೆ" ಅಂದೆ. "ಇಲ್ಲ, ಮಾತು ಕೊಡು" ಅಂದ. ನಳಿಗೆ ಮತ್ತೆ ಮೂಗಿಗೆ ಹೋಗಲಿ ಅಂತ "ಆಯ್ತು ಕಣೋ, ಕೊಟ್ಟೆ" ಅಂದೆ. ಕೊಟ್ಟವಳಿಗೆ ತಿರುಗಿ ಕೇಳಲು ಈಗ ಮನುಷ್ಯನೇ ಇಲ್ಲ.

ಅವನ ಜನ ಸತ್ತವರನ್ನು ಹೂಳುವವರು. ನನ್ನ ಜನ ಸುಡುವವರು. ನಾವಿಬ್ಬರೂ ಮದುವೆಯಾದದ್ದು ಸರ್ಕಾರಿ ಕಚೇರಿಯಲ್ಲಿ, ಫ್ಯಾನಿನ ಕೆಳಗೆ ಸೈನು ಹಾಕಿ. ಅವನು ನನ್ನ ಕಡೆ ಬರಲಿಲ್ಲ, ನಾನು ಅವನ ಕಡೆ ಹೋಗಲಿಲ್ಲ. ಬಿಡುವಾದಾಗ ಅವನು ಅವನ ದೇವರನ್ನು ನೆನೆಯುತ್ತಿದ್ದ, ನಾನು ನನ್ನ ದೇವರನ್ನು. ಇಬ್ಬರಿಗೂ ಬಿಡುವಾಗುತ್ತಿದ್ದದ್ದೇ ಕಡಿಮೆ. ಕನ್ನಡಿ ಕತ್ತರಿಸಿಕೊಳ್ಳಲು ಬಂದವರು ಮಾತಿಗೆ ಮಾತು ಬೆಳೆಸಿ, ನಿಮ್ಮದು ಯಾವ ಮತ, ನಿಮ್ಮ ಹೆಂಗಸಿನದು ಯಾವುದು ಎಂದು ಕೆದಕಿದರೆ ಅವನದೊಂದು ಉತ್ತರ ಯಾವಾಗಲೂ ತಯಾರಿರುತ್ತಿತ್ತು. "ನಮ್ಮೋರು ಮಣ್ಣು, ಇವಳ ಕಡೆಯೋರು ಬೆಂಕಿ. ಮರಳೂ ಬೆಂಕೀನೂ ಸೇರಿದ್ರೇನೇ ಸ್ವಾಮಿ ಗಾಜಾಗೋದು!" ಬಂದವರು ನಗುತ್ತಿದ್ದರು, ಅವನೂ ನಗುತ್ತಿದ್ದ. ಅಂಥ ಮಾತುಗಾರನಿಗೆ ಕೊನೆಗೆ ಬರೀ ಮಣ್ಣೇ ಬೇಕಾಯಿತು ನೋಡಿ.

ಯಾಕೆ ಬೇಕಾಯಿತು ಎಂದು ನನಗೆ ಗೊತ್ತಿಲ್ಲದೆ ಏನಿಲ್ಲ. ಗೊತ್ತಿದ್ದದ್ದಕ್ಕೇ ಸಂಕಟ. ಅವರಲ್ಲಿ ಒಂದು ನಿಯಮ: ಹೊರಗೆ ಮದುವೆಯಾದವನು ಹೊರಗಿನವನು. ಅವರ ಮನೆ, ಪ್ರಾರ್ಥನೆ, ಸ್ಮಶಾನ, ಯಾವುದರ ಹೊಸ್ತಿಲನ್ನೂ ಅವನು ತುಳಿಯುವ ಹಾಗಿಲ್ಲ. ನನ್ನ ಅತ್ತೆ ತೀರಿಕೊಂಡಾಗ ಇವನು ಓಡಿದ. ಗೇಟು ತೆಗೆಯಲಿಲ್ಲ. ರಸ್ತೆಯ ಈಚೆ ಒಂದು ಟಯರಿನ ಅಂಗಡಿ, ಅದರ ಮುಂದೆ ನಿಂತು ಗೋಡೆಯಾಚೆ ಸಲಿಕೆಯ ಸದ್ದು ಕೇಳಿಕೊಂಡು ಬಂದ. ಆ ವಾರವೆಲ್ಲ ಅಳತೆ ತಪ್ಪಿ ತಪ್ಪಿ ಗಾಜು ಕತ್ತರಿಸಿದ. ಹೆತ್ತವಳ ಮುಖ ನೋಡದ ಗಂಡಸು ಒಳಗೊಳಗೇ ಹೇಗೆ ಬೇಯುತ್ತಾನೆ ಎಂದು ನಾನು ಕಣ್ಣಾರೆ ನೋಡಿದ್ದೇನೆ.

ಇವನು ಸತ್ತ ದಿನ ಅವನ ಅಣ್ಣನಿಗೆ ಫೋನು ಮಾಡಿದ್ದು ನನ್ನ ಮಗಳು. ಅಣ್ಣ ಶಾಲೆಯಲ್ಲಿ ಆಟದ ಮೇಷ್ಟ್ರು. ನನಗೆ ಭಾವನಾಗಬೇಕು, ಆದರೆ ಆ ಮನುಷ್ಯನನ್ನು ನಾನು ಭಾವ ಎಂದು ಕರೆದದ್ದು ಮನಸ್ಸಿನಲ್ಲಿ ಮಾತ್ರ. ಇಷ್ಟು ವರ್ಷದಲ್ಲಿ ನಮ್ಮ ಬೀದಿಗೆ ಕಾಲಿಟ್ಟವನಲ್ಲ. ಬಂದ. ಮೈದಾನದಿಂದಲೇ ಬಂದಿದ್ದನೇನೋ, ಕೊರಳಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು. ಮೇಜಿನ ಹತ್ತಿರ ನಿಂತು ತಮ್ಮನ ಮುಖ ನೋಡಿದ. ಹೊದಿಸಿದ್ದ ಬಟ್ಟೆಯ ಅಂಚನ್ನು ಎಳೆದು ಸರಿಮಾಡಿದ, ಮತ್ತೆ ಎಳೆದ, ಮತ್ತೆ ಸರಿಮಾಡಿದ. ಆಮೇಲೆ ಗೋಡೆಗೆ ಒರಗಿಸಿದ್ದ ದೊಡ್ಡ ಗಾಜುಗಳ ಕಡೆ ತಿರುಗಿ ಗಟ್ಟಿಯಾಗಿ ಅತ್ತುಬಿಟ್ಟ. ಆ ಅಳುವಿನಲ್ಲಿ ಕಪಟವಿರಲಿಲ್ಲ, ಅದನ್ನು ಹೇಳಲೇಬೇಕು.

ಕಣ್ಣೊರೆಸಿಕೊಂಡು, "ನಮ್ಮ ಹಿರಿಯರ ಹತ್ರ ಫೋನಲ್ಲಿ ಮಾತಾಡ್ಕೊಂಡೇ ಬಂದೆ" ಅಂದ. "ಒಂದು ದಾರಿ ಇದೆ. ಅಮ್ಮನ ಪಕ್ಕದ ಜಾಗ ಖಾಲಿ ಇದೆ. ಕೊಡ್ತಾರೆ."

"ಕೊಡ್ತಾರಾ? ನಿಜವಾಗ್ಲೂ?"

"ಕೊಡ್ತಾರೆ. ಆದ್ರೆ ಮದುವೆ ಆಗಿದ್ರೆ ಕೊಡೋ ಹಾಗಿಲ್ಲ. ಅದು ನಿಯಮ."

"ಆಗಿದೆಯಲ್ಲ."

ಅವನು ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಆಗಿರ್ಲಿಲ್ಲ ಅಂದ್ರೆ ಆಗತ್ತೆ. ಸುಮ್ನೆ ಜೊತೇಲಿದ್ರು ಅಂದ್ರೆ ಅದು ತಪ್ಪು. ತಪ್ಪಿಗೆ ನಮ್ಮಲ್ಲಿ ಕ್ಷಮೆ ಇದೆ. ಸತ್ತ ಮೇಲೆ ಯಾರ ತಪ್ಪನ್ನೂ ಹಿಡಿದು ಕೂರಲ್ಲ. ಹೊರಗಿನ ಮದುವೆಗೆ ಮಾತ್ರ ಕ್ಷಮೆ ಇಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನೆತ್ತಿಗೇರಿತು. "ಅಂದ್ರೆ ನಿಮ್ಮ ತಮ್ಮ ನನ್ನ ಇಟ್ಕೊಂಡಿದ್ರೆ ಒಳ್ಳೇವ್ನು. ಕಟ್ಕೊಂಡಿದ್ದಕ್ಕೆ ಕೆಟ್ಟೋನಾದ. ಅಲ್ವಾ?"

"ನಾನು ಮಾಡಿದ ನಿಯಮ ಅಲ್ಲಮ್ಮ ಅದು."

"ನೀವು ಮಾಡಿದ್ದಲ್ಲ. ನೀವು ಪಾಲಿಸಿದ್ದು. ಇಷ್ಟು ವರ್ಷ ಚಾಚೂ ತಪ್ಪದೆ!"

ಅವನು ತಲೆ ಎತ್ತಲಿಲ್ಲ. ಬೈಯುವುದು ಸುಲಭವಿತ್ತು, ಬಾಯಿಗೆ ಇನ್ನೂ ಬರುತ್ತಿತ್ತು. ಆದರೆ ಮೇಜಿನ ಕೆಳಗಿಟ್ಟಿದ್ದ ಐಸಿನ ತೊಟ್ಟಿಯಿಂದ ನೀರು ಹರಿದು ಬಾಗಿಲಿಗೆ ಬಂದಿತ್ತು. ಬೇಸಿಗೆ. ಇವನನ್ನು ಎಷ್ಟು ಹೊತ್ತು ಇಟ್ಟುಕೊಳ್ಳಲಿ? "ಏನು ಹೇಳ್ಬೇಕು, ಯಾರು ಹೇಳ್ಬೇಕು, ಅದನ್ನ ಹೇಳಿ" ಅಂದೆ.

"ನೀವೇ ಹೇಳ್ಬೇಕು. ಗೇಟಿನ ಹತ್ರ, ಎಲ್ಲರ ಮುಂದೆ. ಹಿರಿಯರು ಕೇಳ್ತಾರೆ. ನಾನು ಇವರ ಅಂಗಡೀಲಿ ಕೆಲ್ಸಕ್ಕಿದ್ದೋಳು ಅಂದ್ರೆ ಸಾಕು. ಅಷ್ಟೇ, ಒಂದು ಮಾತು. ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು, ಆಮೇಲೆ ನಮ್ಮಲ್ಲಿ ಗೇಟು ತೆಗೆಯಲ್ಲ."

"ದೊಡ್ಡಪ್ಪ."

ಒಳಗಿನ ಬಾಗಿಲಲ್ಲಿ ನನ್ನ ಮಗಳು ನಿಂತಿದ್ದಳು. ದಂತವೈದ್ಯರೊಬ್ಬರ ಹತ್ತಿರ ಸಹಾಯಕಿಯಾಗಿ ಕೆಲಸ ಮಾಡುತ್ತಾಳೆ, ಯಾರ ಬಾಯಿ ನೋಡಿಯೂ ಮುಖ ಸಿಂಡರಿಸದ ಹುಡುಗಿ. ಆ ಮನುಷ್ಯನನ್ನು ಅವಳು ದೊಡ್ಡಪ್ಪ ಎಂದು ಕರೆದದ್ದು ಹುಟ್ಟಿದ ಮೇಲೆ ಅದೇ ಮೊದಲು. "ಅಮ್ಮ ಕೆಲಸದೋಳಾದ್ರೆ ನಾನು ಯಾರು ದೊಡ್ಡಪ್ಪ?"

"ನಿನ್ನ ವಿಷಯ ಬರಲ್ಲ ಮಗು. ಬರದ ಹಾಗೆ ನಾನು ನೋಡ್ಕೋತೀನಿ" ಎಂದ. ಹೇಳುವಾಗ ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಅವನಿಗೆ ತನ್ನ ತಮ್ಮನ ಗಲ್ಲ, ತಮ್ಮನ ಕಿವಿ ಎಲ್ಲ ಕಾಣುತ್ತಿತ್ತು. ಮುಂದೆ ಹೋಗಿ ಗುಂಡಿಯ ಕೆಲಸ ನೋಡುತ್ತೇನೆ ಎಂದು ಹೊರಟುಹೋದ.

ಅವನು ಬೀದಿ ದಾಟಿದ್ದೇ ತಡ, ಮಗಳು ನನ್ನ ಮೇಲೆ ಬಿದ್ದಳು. "ನೀನು ಹೇಳಲ್ಲ ತಾನೆ?"

"ಮಾತು ಕೊಟ್ಟಿದೀನಿ ಪುಟ್ಟಿ."

"ಇಂಥ ಮಾತಾ ಕೊಟ್ಟಿದ್ದು? ಹೀಗೆ ಹೇಳ್ಬೇಕಾಗತ್ತೆ ಅಂತ ಗೊತ್ತಿದ್ರೆ ಅಪ್ಪ ಕೇಳ್ತಿದ್ರಾ? ನೀನೇ ಹೇಳು."

"ಗೊತ್ತಿಲ್ಲ. ಕೇಳೋಣ ಅಂದ್ರೆ ಎದ್ದು ಕೂರ್ತಾನಾ ಅವನು?"

"ಅಪ್ಪಂಗೆ ಎಲ್ಲಿ ಹಾಕಿದ್ರೂ ಗೊತ್ತಾಗಲ್ಲಮ್ಮ. ನಾವು ಬದುಕಿರೋರು. ನಾಳೆ ಈ ಬೀದೀಲೇ ಓಡಾಡ್ಬೇಕು. ದೊಡ್ಡಮ್ಮಂಗೆ ಫೋನು ಮಾಡು, ಅವರ ಕಡೆ ಆಗಲ್ವಾ?"

ಅವಳ ದೊಡ್ಡಮ್ಮ ಎಂದರೆ ನನ್ನ ಅಕ್ಕ. ಮಾಡಿದೆ. ಅಕ್ಕ ಕೆಟ್ಟವಳಲ್ಲ. "ಅಯ್ಯೋ, ಹೋಗೇಬಿಟ್ರಾ!" ಎಂದು ಅತ್ತಳು. "ಇಲ್ಲಿಗೆ ತಗೊಂಡ್ಬಾ, ನಮ್ಮ ಚಿತಾಗಾರದಲ್ಲಿ ಯಾರೂ ಏನೂ ಕೇಳಲ್ಲ. ಬೂದಿ ಆದ ಮೇಲೆ ಯಾವ ಮತ ಅಂತ ಯಾರಿಗೆ ಗೊತ್ತಾಗತ್ತೆ?" ಅಂದಳು. ಎಷ್ಟು ಸುಲಭ! ಒಂದು ಬಟನ್ನು ಒತ್ತಿದರೆ ಮುಗಿಯಿತು, ಯಾರ ಮುಂದೆಯೂ ನಾಲಗೆ ಹೊರಳಿಸಬೇಕಾಗಿಲ್ಲ. ಫೋನು ಹಿಡಿದುಕೊಂಡೇ ಮೇಜಿನ ಮೇಲಿದ್ದವನನ್ನು ನೋಡಿದೆ. ಬೇರೆಲ್ಲೂ ಬೇಡ ಕಣೇ ಅಂದಿದ್ದ. ಟಯರಿನ ಅಂಗಡಿಯ ಮುಂದೆ ನಿಂತು ಬಂದಿದ್ದ. ಅತ್ತ ದರಿ, ಇತ್ತ ಪುಲಿ. ಒಂದು ಕಡೆ ಸತ್ತವನ ಆಸೆ, ಇನ್ನೊಂದು ಕಡೆ ಹೆತ್ತ ಮಗಳ ಮುಖ. ಯಾವುದನ್ನು ತುಳಿದುಕೊಂಡು ಹೋಗಲಿ?

"ನಾನು ಹೇಳ್ತೀನಿ" ಎಂದೆ ಮಗಳಿಗೆ. "ಹೋಗೋದು ನನ್ನ ಮಾನ ತಾನೆ? ಹೋಗ್ಲಿ ಬಿಡು. ಅದನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ಬೇಕಾ?"

ಅವಳು ಬಾಗಿಲನ್ನು ಧಡಾರನೆ ಹಾಕಿಕೊಂಡು ಒಳಗೆ ಹೋದಳು. ವ್ಯಾನು ಬಂದಾಗ ತಾನೇ ಹೊರಗೆ ಬಂದಳು, ಮುಖ ತೊಳೆದುಕೊಂಡಿದ್ದಳು. "ನಡಿ" ಅಂದಳು. ಅಷ್ಟೇ.

ವ್ಯಾನಿನವನು ನಮ್ಮ ಅಂಗಡಿಯ ಗಾಜು ಸಾಗಿಸುವವನು. ನಮ್ಮ ಮದುವೆಗೆ ಸಾಕ್ಷಿ ಸೈನು ಹಾಕಿದವನೂ ಅವನೇ. ಅವನ ಬಾಯಿಗೆ ಬೀಗವಿಲ್ಲ. ಗಾಡಿ ನಿಂತರೂ ಮಾತು ನಿಲ್ಲದು. ಅವತ್ತು ಮಾತ್ರ, ಗೇಟಿನಲ್ಲಿ ನಾನು ಏನು ಹೇಳಬೇಕೆಂದು ಕೇಳಿದವನು ಸ್ಟೇರಿಂಗ್ ಹಿಡಿದು ಕೂತುಬಿಟ್ಟ. ಆಮೇಲೆ, "ಅಮ್ಮಾ, ನಾನೇ ಸೈನು ಹಾಕಿದೀನಲ್ಲ, ಈಗ ನಾನೂ ಇಲ್ಲ ಅನ್ಬೇಕಾ?" ಎಂದು ಕೇಳಿದ.

"ನಿನ್ನ ಯಾರೂ ಕೇಳಲ್ಲ. ಬಾಯಿ ಮುಚ್ಕೊಂಡು ಗಾಡಿ ಓಡಿಸು."

ಗಾಜು ನಿಲ್ಲಿಸುವ ಓರೆ ಚೌಕಟ್ಟುಗಳ ನಡುವೆ ಹಲಗೆ ಹಾಕಿ ಅವನನ್ನು ಮಲಗಿಸಿದ್ದೆವು. ನಾನು ತಲೆಯ ಹತ್ತಿರ ಕುಳಿತೆ, ಮಗಳು ಕಾಲಿನ ಹತ್ತಿರ. ಇದೇ ವ್ಯಾನಿನಲ್ಲಿ ಇವನೂ ನಾನೂ ಎಷ್ಟು ಮನೆಗಳಿಗೆ ಕಿಟಕಿ ಹಾಕಲು ಹೋಗಿದ್ದೇವೋ! ದೊಡ್ಡ ಗಾಜು ಹೊರುವುದು ಇಬ್ಬರ ಕೆಲಸ. ಮುಂದೆ ಹಿಡಿದವನು ಹಿಮ್ಮುಖವಾಗಿ ನಡೆಯಬೇಕು, ಅವನಿಗೆ ಬೆನ್ನ ಹಿಂದೆ ಏನಿದೆ ಎಂದು ಕಾಣದು. ಹಿಂದೆ ಹಿಡಿದವಳೇ ಅವನ ಕಣ್ಣು. ಮೆಟ್ಟಿಲೋ ಹೊಸ್ತಿಲೋ ನಾಯಿಯೋ, ಕಂಡ ತಕ್ಷಣ ಕೂಗಬೇಕು. ಯೋಚನೆ ಮಾಡಿ ಕೂಗುವವರು ಈ ಕೆಲಸಕ್ಕೆ ನಾಲಾಯಕ್ಕು. ಅಷ್ಟರಲ್ಲಿ ಗಾಜು ಹೋಗಿರುತ್ತದೆ, ಕೆಲವು ಸಲ ಬೆರಳೂ. ಮದುವೆಯಾದ ಹೊಸದರಲ್ಲಿ ನಾನು ನಾಚಿಕೊಂಡು ಮೆಲ್ಲಗೆ ಹೇಳುತ್ತಿದ್ದೆ. "ಗುಟ್ಟು ಹೇಳ್ತಿದೀಯೇನೇ? ಬೀದಿಗೆಲ್ಲ ಕೇಳೋ ಹಾಗೆ ಕೂಗು" ಎಂದು ಗದರಿಸಿ ಕಲಿಸಿದವನು ಅವನೇ. ಆಮೇಲೆ ನನ್ನ ಗಂಟಲು ಎಷ್ಟು ಪಳಗಿತೆಂದರೆ, ಕಿಡಿ ಎಂದು ಅವನೇ ಅಡ್ಡಹೆಸರಿಟ್ಟ.

ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾ ಹೋದೆ. ನಾನು ಇವರ ಅಂಗಡೀಲಿ ಕೆಲ್ಸಕ್ಕಿದ್ದೋಳು. ಕೆಲ್ಸಕ್ಕಿದ್ದೋಳು. ಸುಳ್ಳೇನಲ್ಲ, ಕೆಲಸ ಮಾಡಿದ್ದೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮತ್ತೆ ಅವನ ಮೇಲೆ ಸಿಟ್ಟು ಉಕ್ಕಿತು. ಬದುಕಿದ್ದಷ್ಟು ದಿನ ನಾನು ಬೇಕಾಗಿದ್ದೆ. ಜ್ವರಕ್ಕೆ, ಊಟಕ್ಕೆ, ಗಾಜಿನ ಇನ್ನೊಂದು ತುದಿ ಹಿಡಿಯುವುದಕ್ಕೆ ನಾನು. ಸತ್ತ ಮೇಲೆ ಮಲಗುವುದಕ್ಕೆ ಅಮ್ಮ! ನಾನು ಸತ್ತರೆ ನನ್ನನ್ನು ಎಲ್ಲಿಗೆ ಹಾಕುತ್ತಾರೋ ಎಂದು ಒಂದು ಸಲವಾದರೂ ಯೋಚಿಸಿದ್ದೆಯಾ ಕಣೋ? ಹೀಗೆ ಕೇಳುತ್ತಲೇ ಅವನ ತಲೆ ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ಸ್ಮಶಾನದ ಗೇಟಿಗೆ ಎರಡು ಬಾಗಿಲು. ಒಂದು ತುಕ್ಕು ಹಿಡಿದು ನೆಲಕ್ಕೆ ಕಚ್ಚಿಕೊಂಡಿತ್ತು, ಇನ್ನೊಂದು ಮಾತ್ರ ತೆರೆಯುತ್ತಿತ್ತು. ಅದರ ಕೆಳಗೊಂದು ಎತ್ತರದ ಕಲ್ಲಿನ ಮೆಟ್ಟಿಲು. ಒಳಗೆ ಹತ್ತಾರು ಗಂಡಸರು ನಿಂತಿದ್ದರು. ಅವರ ಮುಂದೆ ಕೋಲು ಹಿಡಿದ ಒಬ್ಬ ಹಿರಿಯರು, ಹಣ್ಣುಹಣ್ಣು ಮುದುಕರು. ಭಾವ ಅವರ ಪಕ್ಕದಲ್ಲಿದ್ದ. ಹಲಗೆಯನ್ನು ವ್ಯಾನಿನಿಂದ ಇಳಿಸಿ ಮೆಟ್ಟಿಲ ಮುಂದೆ ಇಟ್ಟೆವು. ಬಿಸಿಲು ಇನ್ನೂ ಇತ್ತು, ಆದರೆ ಗೋಡೆಯ ನೆರಳು ರಸ್ತೆಯ ಅರ್ಧಕ್ಕೆ ಬಂದುಬಿಟ್ಟಿತ್ತು.

"ಹತ್ರ ಬಾ ತಾಯಿ" ಎಂದರು ಹಿರಿಯರು. "ಕೂಗಿ ಹೇಳ್ಬೇಕಾಗಿಲ್ಲ. ವಯಸ್ಸಾದ್ರೂ ನನ್ನ ಕಿವಿ ಚುರುಕಾಗಿದೆ. ಇವನು ನಿನಗೆ ಏನಾಗ್ಬೇಕು?"

"ನಾನು ಇವರ ಅಂಗಡೀಲಿ ಕೆಲ್ಸಕ್ಕಿದ್ದೋಳು" ಅಂದೆ.

ಭೂಮಿ ಬಿರಿಯಲಿಲ್ಲ. ನಾಲಗೆ ಸೀಳಿಹೋಗಲಿಲ್ಲ. ಯಾರೋ ಕೆಮ್ಮಿದರು, ಯಾರೋ ಬೆವರೊರೆಸಿಕೊಂಡರು. ಇಷ್ಟು ವರ್ಷದ ಸಂಸಾರ ಇಷ್ಟು ಸಲೀಸಾಗಿ ಇಲ್ಲವಾಯಿತಲ್ಲ! ಆದರೆ ಮುಗಿಯಿತು, ಇನ್ನೇನು ಅವನು ಒಳಗೆ ಹೋಗುತ್ತಾನೆ ಎಂದುಕೊಂಡೆ.

"ಈ ಹುಡುಗಿ?"

"ಅವಳ ವಿಷಯ ಬೇಡ ಬಿಡಿ, ಹೊತ್ತಾಗ್ತಿದೆ" ಎಂದು ಭಾವ ನಡುವೆ ಬಾಯಿ ಹಾಕಿದ.

"ಕೇಳ್ತಿರೋದು ನಾನು" ಎಂದರು ಹಿರಿಯರು. "ನೀನು ಯಾರಮ್ಮ?"

ನನ್ನ ಮಾನದ ಲೆಕ್ಕ ಹಾಕಿದ್ದೆ, ಅವಳನ್ನು ಹೀಗೆ ನಿಲ್ಲಿಸಿ ಕೇಳುತ್ತಾರೆ ಎಂದು ಹಾಕಿರಲಿಲ್ಲ. ಅಮ್ಮನ ಬಾಯಿಯಲ್ಲಿ ಬಂದದ್ದಕ್ಕೆ ಇವಳು ಬಗ್ಗುವವಳಲ್ಲ. ಮನೆಯಲ್ಲಿ ಬಾಗಿಲು ಬಡಿದವಳು ಇಲ್ಲಿ ನಮ್ಮಪ್ಪ ಎಂದು ಕಿರುಚಿದರೆ ಎಲ್ಲ ಮುಗಿಯಿತು. ಕಿರುಚಲಿ ಎಂದು ಒಂದು ಮನಸ್ಸು, ಬೇಡ ಎಂದು ಒಂದು ಮನಸ್ಸು.

"ನಾನು ಇವರ ಮಗಳು" ಎಂದು ಅವಳು ನನ್ನನ್ನು ತೋರಿಸಿದಳು.

"ನಿನ್ನ ಅಪ್ಪ?"

ಹಲಗೆಯ ಮೇಲಿದ್ದವನ ಮುಖ ತೆರೆದೇ ಇತ್ತು. ಅವಳ ಮುಖವೂ ಅಲ್ಲೇ ಇತ್ತು. ಕಣ್ಣಿದ್ದ ಯಾರೇ ಆದರೂ ಎರಡನ್ನೂ ನೋಡಿ ಹೇಳಬಹುದಿತ್ತು. "ನಂಗೆ ಅಪ್ಪ ಇಲ್ಲ" ಅಂದಳು ನನ್ನ ಮಗಳು. ಸ್ವರ ಒಂದಿಷ್ಟೂ ಅಲುಗಲಿಲ್ಲ.

ಹಿರಿಯರು ಆ ಮುಖವನ್ನೂ ಈ ಮುಖವನ್ನೂ ನೋಡಿದರು. ಅವರಿಗೆ ಎಲ್ಲ ತಿಳಿಯಿತು, ನನಗೆ ಅದರಲ್ಲಿ ಸಂಶಯವಿಲ್ಲ. ಕೋಲಿನಿಂದ ನೆಲ ಕುಟ್ಟಿ, "ಸರಿ. ಒಳಗೆ ತನ್ನಿ. ಹೆಂಗಸರು ಹೊರಗೇ ಇರ್ಲಿ" ಎಂದರು.

ನಾಲ್ಕು ಜನ ಹಲಗೆಗೆ ಕೈ ಹಾಕಿದರು. ಕಾಲು ಮುಂದೆ, ತಲೆ ಹಿಂದೆ. ತಲೆಯ ಕಡೆ ಭಾವ. ನಾನು ಮಗಳ ಕೈ ಹಿಡಿಯಲು ಹೋದೆ, ಅವಳು ಕೊಡಲಿಲ್ಲ. ಅವಳ ಮಾತು ನನ್ನ ಕಿವಿಯಲ್ಲಿ ಹಾಗೇ ಕುಳಿತಿತ್ತು. ನಂಗೆ ಅಪ್ಪ ಇಲ್ಲ. ಹಸುಗೂಸಾಗಿದ್ದಾಗ ಇವಳನ್ನು ಗಾಜಿನ ಚೂರು ತಾಗದಿರಲಿ ಎಂದು ಇಡೀ ದಿನ ಬೆನ್ನಿಗೆ ಕಟ್ಟಿಕೊಂಡು ಕೆಲಸ ಮಾಡಿದವನು ಅವನು. ಅವನ ಎದುರಿಗೇ ಹೇಳಿಸಿದೆನಲ್ಲ.

ಗಂಡಸರಿಗೆ ಹೊರುವ ಅಭ್ಯಾಸವಿರಲಿಲ್ಲ. ಮುಂದಿನ ಇಬ್ಬರು ಮೆಟ್ಟಿಲು ಹತ್ತಿದರು, ಹಿಂದಿನವರು ಕೆಳಗೇ ಇದ್ದರು. ಅರ್ಧ ಗೇಟಿನಲ್ಲಿ ಹಲಗೆ ಹಿಡಿಸದೆ ಒಬ್ಬ ಅದನ್ನು ಓರೆ ಮಾಡಿದ. ಹಲಗೆ ಒಂದು ಪಕ್ಕಕ್ಕೆ ವಾಲಿತು. ಹೊದಿಸಿದ ಬಟ್ಟೆ ಜಾರಿತು, ಅವನ ಭುಜ ಜಾರಿತು, ಒಂದು ಕೈ ಹೊರಗೆ ಬಿತ್ತು.

"ಏಯ್! ತಲೆ ಕಡೆ ಎತ್ರೋ! ಬಲಗಡೆ ಮೇಲೆ! ಬೀಳಿಸ್ತೀರಾ ನನ್ನ ಗಂಡನ್ನ!"

ಬೀದಿಗೆಲ್ಲ ಕೇಳಿತು. ಟಯರಿನ ಅಂಗಡಿಯವನು ಕೂಡ ಹೊರಗೆ ಬಂದು ನೋಡಿದ. ನಾನು ಕೂಗಿದ್ದು ಎಂದು ನನಗೆ ಗೊತ್ತಾದದ್ದು ಆಮೇಲೆ. ಅಷ್ಟರಲ್ಲಿ ನಾನು ಓಡಿಹೋಗಿ ಹಲಗೆಯ ವಾಲಿದ ಮೂಲೆಗೆ ಭುಜ ಕೊಟ್ಟಾಗಿತ್ತು, ಅವನ ಕೈಯನ್ನು ಎತ್ತಿ ಎದೆಯ ಮೇಲೆ ಇಟ್ಟಾಗಿತ್ತು.

ಯಾರೂ ಅಲುಗಾಡಲಿಲ್ಲ. ಅವನ ಕಾಲು ಗೇಟಿನ ಒಳಗೆ, ತಲೆ ಗೇಟಿನ ಹೊರಗೆ. ಒಳಗಿದ್ದ ಗಂಡಸರೆಲ್ಲ ಹಿರಿಯರ ಮುಖ ನೋಡಿದರು.

ಹಿರಿಯರು ನಿಧಾನವಾಗಿ ಮೆಟ್ಟಿಲಿನ ತನಕ ಬಂದರು. "ಏನಂದೆ ತಾಯಿ?" ಎಂದರು. "ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳು."

ಅವರಿಗೆ ಕೇಳಿಸಿತ್ತು. ಅಲ್ಲಿದ್ದವರಿಗೆಲ್ಲ ಕೇಳಿಸಿತ್ತು, ಅವರಿಗೆ ಕೇಳಿಸಿತ್ತು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಮುದುಕರು ನನಗೆ ದಾರಿ ಬಿಡುತ್ತಿದ್ದರು. ಏನಿಲ್ಲ, ಸಾಹುಕಾರರನ್ನ ಬೀಳಿಸ್ಬೇಡಿ ಅಂದೆ ಎಂದರೆ ಸಾಕಿತ್ತು. ಭಾವ ತಲೆಯ ಕಡೆಯ ಭಾರ ಹೊತ್ತು ನಡುಗುತ್ತಾ ನನ್ನನ್ನೇ ನೋಡುತ್ತಿದ್ದ, ಅವನ ತುಟಿ ಅಲುಗುತ್ತಿತ್ತು. ಹೇಳಮ್ಮ, ಹೇಳಿಬಿಡಮ್ಮ ಎನ್ನುತ್ತಿತ್ತು. ಗೋಡೆಯಾಚೆ ಅತ್ತೆಯ ಪಕ್ಕದಲ್ಲಿ ಗುಂಡಿ ತೆಗೆದಿತ್ತು, ಹಸಿ ಮಣ್ಣಿನ ರಾಶಿ ನಾನು ನಿಂತಲ್ಲಿಗೇ ಕಾಣುತ್ತಿತ್ತು. ಹತ್ತು ಹೆಜ್ಜೆ ಇತ್ತೋ ಏನೋ.

ಮಗಳ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಅಪ್ಪನ ಕಾಲನ್ನೇ ನೋಡುತ್ತಿದ್ದಳು, ತುಟಿ ಬಿಳಿಚಿತ್ತು. ಅಯ್ಯೋ, ನನ್ನ ಕೂಸಿನ ಬಾಯಲ್ಲಿ ಎಂಥ ಮಾತು ಹಾಕಿಸಿದೆ ಎಂದು ನನಗೆ ತಡೆಯಲಾಗಲಿಲ್ಲ. ನಾನು ಕೆಲಸದವಳಾಗಿ ಸಾಯುತ್ತೇನೆ, 'ಇಟ್ಟುಕೊಂಡವಳು' ಎಂದು ಬೇಕಾದರೂ ಕರೆಸಿಕೊಳ್ಳುತ್ತೇನೆ. ಇವಳು ಹುಟ್ಟಿಸಿದವನಿಲ್ಲದವಳಾಗಿ ಈ ಬೀದಿ ಬಿಟ್ಟು ಹೋಗಬೇಕೇ? ಅವನು ಸತ್ತಿದ್ದಾನೆ. ಬೆಳಿಗ್ಗೆ ಇವಳೇ ಹೇಳಿದ್ದಳಲ್ಲ, ಬದುಕಿರೋರು ನಾವು ಎಂದು.

"ಗಂಡ ಅಂದೆ" ಎಂದೆ. "ಇವನು ನನ್ನ ಗಂಡ. ಮದುವೆ ಆಗಿದೆ. ಸಾಕ್ಷಿ ಹಾಕಿದೋನು ಅಲ್ಲೇ ವ್ಯಾನಿನ ಹತ್ರ ನಿಂತಿದಾನೆ. ಇವಳು ಅವನ ಮಗಳು. ಮುಖ ನೋಡಿ, ಯಾರೂ ಹೇಳ್ಬೇಕಾಗಿಲ್ಲ."

ಹಿರಿಯರು ಕಣ್ಣು ಮುಚ್ಚಿಕೊಂಡರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ನಾಲ್ಕು ಮಾತು ಎಸೆದು ಹಗುರಾಗುತ್ತಿದ್ದೆ. "ಇಷ್ಟು ತಡ್ಕೊಂಡೋಳು ಇನ್ನೊಂದು ಗಳಿಗೆ ತಡ್ಕೋಬಾರ್ದಿತ್ತಾ ತಾಯಿ" ಎಂದರು. ಆಮೇಲೆ ಹೊತ್ತವರಿಗೆ ಕೈಸನ್ನೆ ಮಾಡಿದರು.

ಮೆಟ್ಟಿಲು ಇಳಿದು ಹಲಗೆಯನ್ನು ರಸ್ತೆಯ ಮೇಲೆ ಇಟ್ಟರು. ಭಾವ ತಮ್ಮನ ತಲೆಯನ್ನು ಮೆಲ್ಲಗೆ ಇಳಿಸಿದ, ಹಣೆ ಮುಟ್ಟಿದ. "ನಾನೇನು ಮಾಡ್ಲಿ, ಹೇಳಿ" ಎಂದು ನನ್ನನ್ನು ಕೇಳಿದ. ನಾನು ಜಾರಿದ್ದ ಬಟ್ಟೆಯನ್ನು ಎಳೆದು ಹೊದಿಸಿದೆ. ಉಳಿದವರೆಲ್ಲ ಒಳಗೆ ಹೋದರು. ಅವನು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತ, ಆಮೇಲೆ ಅವನೂ ಹೋದ. ಗೇಟು ಹಾಕಿದ ಸದ್ದಾಯಿತು.

ವ್ಯಾನಿನವನು ಹತ್ತಿರ ಬಂದು, "ಎಲ್ಲಿಗಮ್ಮ ಈಗ?" ಎಂದು ಕೇಳಿದ.

"ಅಕ್ಕನ ಕಡೆಗೆ" ಅಂದೆ. "ಸುಡೋದಿಕ್ಕೆ."

ಅವನು ಹಿಂದಿನ ಬಾಗಿಲು ತೆಗೆಯಲು ಹೋದ. ನಾನು ಮಗಳ ಹತ್ತಿರ ಹೋಗಿ ಎರಡೂ ಕೈಯಲ್ಲಿ ಅವಳನ್ನು ಅಪ್ಪಿಕೊಂಡೆ. "ಮುಗೀತು ಪುಟ್ಟಿ" ಅಂದೆ. "ಇನ್ನು ಯಾರ ಮುಂದೇನೂ ನೀನು ಅಪ್ಪ ಇಲ್ಲ ಅನ್ಬೇಕಾಗಿಲ್ಲ."

ಅವಳು ನನ್ನ ಕೈಗಳನ್ನು ಬಿಡಿಸಿಕೊಂಡಳು. ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕದಿದ್ದವಳ ಮುಖವೆಲ್ಲ ಒದ್ದೆಯಾಗಿತ್ತು.

"ಯಾಕಮ್ಮ ಹೇಳ್ದೆ?" ಅಂದಳು. "ಅಪ್ಪನ ಮುಂದೇನೇ ಅಪ್ಪ ಇಲ್ಲ ಅಂದ್ನಲ್ಲ ನಾನು. ಅಪ್ಪ ಒಳಗೆ ಹೋಗ್ಲಿ ಅಂತ ತಾನೆ ಅಂದಿದ್ದು? ಈಗ ನಾನು ಅಂದಿದ್ದು ಯಾತಕ್ಕಾಯ್ತು?"